ಹನ್ನೆರಡನೇ ಗೂಟ

ನಾನು ಸುಳ್ಳು ಹೇಳುವವನಲ್ಲ. ಅದಕ್ಕೆ ಬೇಕಾದ ಧೈರ್ಯ ನನಗಿಲ್ಲ. ಆದ್ದರಿಂದ ಕಳೆದ ಏಪ್ರಿಲ್‌ನಲ್ಲಿ ತೀರ್ಥಹಳ್ಳಿಯ ಭಾವಮೈದುನ ರವೀಂದ್ರನ ಮನೆಯಲ್ಲಿ, ಕೈಯಲ್ಲಿ ಚಕ್ಕುಲಿ ಹಿಡಿದುಕೊಂಡು ನಾನು ಆಡಿದ್ದನ್ನು ಸುಳ್ಳು ಎನ್ನುವುದಕ್ಕಿಂತ ಅವಸರದ ಮಾತು ಎನ್ನುವುದು ನ್ಯಾಯ.

ರವೀಂದ್ರ ಮೊಬೈಲಿನಲ್ಲಿ ಫೋಟೋ ತೋರಿಸುತ್ತಿದ್ದ. ಯಾವುದೋ ರೆಸಾರ್ಟಿನಲ್ಲಿ ಸಾಲಾಗಿ ಟೆಂಟು, ಟೆಂಟಿನೊಳಗೆ ಮಂಚ, ಮಂಚದ ಮೇಲೆ ರವೀಂದ್ರ. ನಲವತ್ತು ಫೋಟೋ ಆದಮೇಲೆ ನನ್ನ ಬಾಯಿಂದ ಹೊರಟುಬಿಟ್ಟಿತು: "ಬೇರೆಯವರು ಹಾಕಿಕೊಟ್ಟ ಟೆಂಟಲ್ಲಿ ಮಲಗಿ ಬರೋದು ಎಂಥ ಕ್ಯಾಂಪಿಂಗೋ ಮಾರಾಯ? ನಾವು ಹೋಗ್ತಿದೀವಿ ನೋಡು ಮುಂದಿನ ತಿಂಗಳು. ಹಿನ್ನೀರಿನ ದಡದಲ್ಲಿ ನಾವೇ ಟೆಂಟ್ ಹಾಕೋದು, ನಾವೇ ಗಾಳ ಹಾಕೋದು, ಹಿಡಿದ ಮೀನು ಅಲ್ಲೇ ಸುಟ್ಟು ತಿನ್ನೋದು."

"ಯಾರು? ನೀವಾ ಭಾವ?" ಎಂದ ರವೀಂದ್ರ. ಅವನ ಹೆಂಡತಿ ಒಳಗಿಂದ ಬಂದು ನೋಡಿ ಹೋದಳು. ನನ್ನ ಹೆಂಡತಿ ಸರೋಜ ಇನ್ನೊಂದು ಚಕ್ಕುಲಿ ತೆಗೆದುಕೊಂಡಳು. ಆದರೆ ಹತ್ತು ವರ್ಷದ ಮಗಳು ಧನ್ಯಶ್ರೀ ಚಕ್ಕುಲಿ ಅಗಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ತೂಕದ ಕಲ್ಲನ್ನು ಅನುಮಾನದಿಂದ ನೋಡುವ ಗಿರಾಕಿಯ ಹಾಗೆ ನೋಡಿದಳು.

ಅವಳಿಗೆ ಕಾರಣವಿತ್ತು. ಜೋಗಕ್ಕೆಂದು ಹೊರಟ ದಿನ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಮೆಟ್ಟಿಲು ಜಾರುತ್ತದೆ ಎಂದರು, ನಾವು ವಾಪಸ್ ಬಂದೆವು. ಮುರುಡೇಶ್ವರಕ್ಕೆ ಹೊರಟಾಗ ರೇಡಿಯೋದಲ್ಲಿ ಅಲೆಗಳ ಎತ್ತರ ಹೇಳಿದರು. ಕೊಡಚಾದ್ರಿಗೆ ಮಾತ್ರ ಜೀಪು ಹತ್ತಿಯೇಬಿಟ್ಟಿದ್ದೆವು. ಬ್ರೇಕಿನ ವಿಷಯವಾಗಿ ನಾನು ಕೇಳಿದ ಪ್ರಶ್ನೆಗಳನ್ನು ತಾಳಲಾರದೆ ಡ್ರೈವರೇ ಇಳಿದು ಹೋದ.

ಸಾಗರಕ್ಕೆ ಮರಳಿದ ರಾತ್ರಿಯೇ ಮಗಳು ಬಿಳಿ ಹಾಳೆ ತಂದಿಟ್ಟಳು. "ಅಪ್ಪ, ಈ ಸಲ ಬರೆದುಕೊಡು."

ಬರೆದುಕೊಟ್ಟೆ. "ಮೇ ಹತ್ತನೇ ತಾರೀಖು ಶನಿವಾರ ಕುಟುಂಬ ಸಮೇತ ಹಿನ್ನೀರಿನ ದಡಕ್ಕೆ ಹೋಗಿ, ಟೆಂಟ್ ಹಾಕಿ, ಮೀನು ಹಿಡಿಯಲಾಗುವುದು. ಇಂತಿ, ಚಂದ್ರಯ್ಯ." ಅವಳು ಅದನ್ನು ಎರಡು ಸಲ ಓದಿ ಮಡಚಿ ಪೆನ್ಸಿಲ್ ಡಬ್ಬಿಯಲ್ಲಿ ಇಟ್ಟುಕೊಂಡಳು. ಈ ಹಾಳೆಯೂ ಸುಳ್ಳಾದರೆ ನನ್ನ ಮಗಳು ಮುಂದೆ ನನ್ನನ್ನು ಏನೂ ಕೇಳುವುದಿಲ್ಲ ಎನ್ನುವುದು ನನಗೆ ಆಗಲೇ ಗೊತ್ತಾಯಿತು. ಮಕ್ಕಳು ಕೇಳುವುದನ್ನು ನಿಲ್ಲಿಸಿದ ಮನೆ ಎಷ್ಟು ಸದ್ದಿಲ್ಲದ್ದಾಗಿರುತ್ತದೆ ಎಂದು ನೆನೆದು ನನಗೆ ನಿದ್ದೆ ಬರಲಿಲ್ಲ.

ನನ್ನ ಉದ್ಯೋಗದ ಬಗ್ಗೆ ಎರಡು ಮಾತು ಹೇಳಬೇಕು, ಏಕೆಂದರೆ ಮುಂದಿನ ಅನಾಹುತಕ್ಕೆ ಅದೂ ಕಾರಣ. ಸಾಗರದ ಒಂದು ಪಾಲಿಟೆಕ್ನಿಕ್ಕಿನ ಸರ್ವೆ ಲ್ಯಾಬು ನನ್ನ ಉಸ್ತುವಾರಿಯಲ್ಲಿದೆ. ಉಸ್ತುವಾರಿ ಎಂದರೆ ಬೆಳಗ್ಗೆ ಹುಡುಗರಿಗೆ ಟೇಪು, ಸರಪಣಿ, ಕೆಂಪು ಬಿಳಿ ಪಟ್ಟೆಯ ಉದ್ದ ಕೋಲುಗಳನ್ನು ಎಣಿಸಿ ಕೊಡುವುದು, ಸಂಜೆ ಎಣಿಸಿ ತೆಗೆದಿಡುವುದು. ಈ ಕೆಲಸದ ಜೊತೆಯಲ್ಲೇ ಸಂಜೆ ಕಾಲೇಜಿನಲ್ಲಿ ಕಲಿತು ಬಿ.ಎ. ಮಾಡಿಕೊಂಡಿದ್ದೇನೆ. ಐದು ವರ್ಷ ಹಿಡಿಯಿತು. ಕೈಗೆ ಸಿಕ್ಕಿದ್ದಕ್ಕೆಲ್ಲ ನಂಬರು ಹಾಕುವುದು, ಮಾಡಿದ್ದಕ್ಕೆಲ್ಲ ಅರ್ಜಿ ಬರೆಯುವುದು ನನ್ನ ಎರಡು ದೌರ್ಬಲ್ಯಗಳು.

ಮೊದಲು ಅರ್ಜಿ. ಹಿನ್ನೀರಿನಲ್ಲಿ ಮೀನು ಹಿಡಿಯಲು ಅನುಮತಿ ಬೇಕಲ್ಲ ಎಂದು ಮೀನಿನ ಕಚೇರಿಗೆ ಹೋದೆ.

"ಎಷ್ಟು ಮೀನು ಹಿಡೀತೀರಿ?" ಎಂದರು ಅಲ್ಲಿದ್ದವರು.

"ಹೇಳೋದು ಕಷ್ಟ ಸಾರ್. ಬಹುಶಃ ಒಂದು."

ಅವರು ಫಾರಂ ತಿರುಗಿಸಿ ನೋಡಿದರು. "ಒಂದು ಮೀನಿಗೆ ಇದರಲ್ಲಿ ಕಾಲಂ ಇಲ್ಲ. ಪಂಚಾಯಿತಿಯಲ್ಲಿ ಕೇಳಿ."

ಹೊಸನಗರದ ರಸ್ತೆಯಲ್ಲಿ ಗುಬ್ಬಿಗದ್ದೆ ಎಂಬ ಊರಿದೆ. ಅದರ ಕೆಳಗೆ ಬೇಸಿಗೆಯಲ್ಲಿ ಶರಾವತಿಯ ಹಿನ್ನೀರು ಹಿಂದೆ ಸರಿದು ದೊಡ್ಡ ಬಯಲು ಬಿಡುತ್ತದೆ. ನಾನು ಆರಿಸಿಕೊಂಡದ್ದು ಆ ಜಾಗ. ಪಂಚಾಯಿತಿಯ ಕಾರ್ಯದರ್ಶಿ ನನ್ನ ಅರ್ಜಿಯನ್ನು ಪೂರ್ತಿ ಓದಿದರು. ನನ್ನ ಅರ್ಜಿಗಳನ್ನು ಪೂರ್ತಿ ಓದುವವರು ಅಪರೂಪ.

"ಇದಕ್ಕೆಲ್ಲ ಎಂತ ಪರ್ಮಿಷನ್ನು? ಸುಮ್ನೆ ಹೋಗಿ ಬನ್ನಿ."

"ಸುಮ್ನೆ ಹೇಗೆ ಹೋಗೋದು ಸಾರ್? ಅದನ್ನೇ ಬರವಣಿಗೆಯಲ್ಲಿ ಕೊಡಿ."

"ಸುಮ್ನೆ ಹೋಗಿ ಬನ್ನಿ ಅಂತ ಬರವಣಿಗೆಯಲ್ಲಿ ಹೇಗೆ ಕೊಡ್ಲಿ ಮಾರಾಯ್ರೇ?"

ಅದು ಹೌದಲ್ಲ ಎನಿಸಿತು. ಅರ್ಜಿ ಕೊಟ್ಟು, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಂಡು ಬಂದೆ. ಅರಣ್ಯದವರಿಗೆ, ಅಣೆಕಟ್ಟಿನವರಿಗೆ, ಪೊಲೀಸರಿಗೆ ಒಂದೊಂದು ಪ್ರತಿ. ಎಲ್ಲದರ ಮೇಲೂ ಸೀಲು. ಫೈಲು ದಪ್ಪವಾಯಿತು.

ಇನ್ನು ಟೆಂಟು. ನಾವು ಬಾಡಿಗೆಗಿರುವ ಮನೆಯ ಮಾಲೀಕರು ಸುಬ್ಬಣ್ಣ ಮೇಷ್ಟ್ರು, ನಿವೃತ್ತರು. ಸ್ಕೌಟ್ ಮೇಷ್ಟ್ರಾಗಿದ್ದ ಕಾಲದ ಕ್ಯಾನ್ವಾಸ್ ಟೆಂಟು ಅವರ ಅಟ್ಟದಲ್ಲಿತ್ತು. ಬಿಚ್ಚಿ ನೋಡಿದರೆ ಕಂಬಗಳನ್ನೂ ಗೂಟಗಳನ್ನೂ ಗೆದ್ದಲು ತಿಂದಿತ್ತು.

"ಎಂತ ತೊಂದ್ರೆ ಇಲ್ಲೆ" ಎಂದರು ಮೇಷ್ಟ್ರು. "ಕಂಬಕ್ಕೆ ನಿಮ್ಮ ಲ್ಯಾಬಿನ ಕೋಲು ತನ್ನಿ, ಗೂಟ ಆಚಾರಿ ಹತ್ರ ಮಾಡಿಸುವಾ. ಜಾಗ ನೋಡಿ ಬರೋಕೆ ನಾನೂ ಬರ್ತೆ."

ಅವರ ಹೆಂಡತಿ ಮೀನಾಕ್ಷಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ಗಂಡನಿಗೆ ಮಾತ್ರ ಕೇಳಲಿ ಎಂಬ ದನಿಯಲ್ಲಿ, ಎದುರು ಮನೆಯವರಿಗೂ ಕೇಳುವ ಹಾಗೆ ಹೇಳಿದರು: "ಅವಂಗೆ ತಲೆ ಸಮ ಇದ್ದಾ? ಕೂಸಿನ ಕರ್ಕೊಂಡು ನೀರಿನ ಬುಡಕ್ಕೆ ಮಲಗ್ತನಡ!" ನನ್ನ ಕಡೆ ತಿರುಗಿ, "ಮೀನು ಗೀನು ಎಲ್ಲ ನಮಗೆ ಗೊತ್ತಾಗ್ತಿಲ್ಲೆ ಚಂದ್ರಯ್ಯ. ಆದ್ರೆ ಮಗೂಗೆ ಕಷಾಯದ ಪುಡಿ ಕೊಡ್ತೆ, ತಗಂಡು ಹೋಗಿ" ಎಂದರು.

ಲ್ಯಾಬಿನ ಕೋಲಿನ ಎರವಲಿಗೂ ವಿಭಾಗದ ಮುಖ್ಯಸ್ಥರಿಗೆ ಅರ್ಜಿ ಬರೆದೆ. ಆಚಾರಿ ಹನ್ನೆರಡು ಗೂಟ ಮಾಡಿಕೊಟ್ಟ. ನಾನು ಅವಕ್ಕೆ ಬಿಳಿ ಬಣ್ಣ ಬಳಿದು ಒಂದರಿಂದ ಹನ್ನೆರಡರವರೆಗೆ ಕನ್ನಡ ಅಂಕಿ ಬರೆದೆ. ಮಗು ಎಡವಬಾರದೆಂದು ಪ್ರತಿಯೊಂದಕ್ಕೂ ಸರೋಜಳ ಹಳೆಯ ಕೆಂಪು ಲಂಗದ ಚೂರು ಕಟ್ಟಿದೆ. ಸರೋಜ ಅದನ್ನು ನೋಡುತ್ತ, "ಗಾಳಕ್ಕೆ ಎಂತ ಸಿಕ್ಕಿಸ್ತೀರಿ?" ಎಂದು ಕೇಳಿದಳು.

"ಯೂಟ್ಯೂಬಲ್ಲಿ ನೋಡ್ತಿದೀನಿ. ಇನ್ನೂ ಎಂಟು ವೀಡಿಯೋ ಬಾಕಿ ಇದೆ."

"ಹೌದಾ" ಎಂದು ಅವಳು ಬಟ್ಟೆ ಒಣಗಿಸಲು ಹೋದಳು.

ಮೇ ನಾಲ್ಕು, ಭಾನುವಾರ. ಮೇಷ್ಟ್ರ ಸ್ಕೂಟರಿನ ಪಕ್ಕಕ್ಕೆ ಪಟ್ಟೆ ಕೋಲು ಕಟ್ಟಿಕೊಂಡು ನಾವಿಬ್ಬರೂ ಗುಬ್ಬಿಗದ್ದೆಯ ಬಯಲಿಗೆ ಇಳಿದೆವು. ಬಿಸಿಲಿಗೆ ನಾನು ಟೊಪ್ಪಿ ಹಾಕಿದ್ದೆ, ಮೇಷ್ಟ್ರು ಕೊಡೆ ಬಿಚ್ಚಿದ್ದರು. ಅವರಿಂದ ಕೋಲು ನೆಟ್ಟಗೆ ಹಿಡಿಸಿ, ನೀರಿನ ಅಂಚಿನಿಂದ ಟೇಪು ಎಳೆದು, ನೋಟ್ ಪುಸ್ತಕದಲ್ಲಿ ಬರೆದುಕೊಂಡೆ. ಎಂಟು ಗೂಟ ಟೆಂಟಿನ ಹಗ್ಗಕ್ಕೆ, ಉಳಿದ ನಾಲ್ಕು ಬೇರೆ ಬೇರೆ ಅಗತ್ಯಕ್ಕೆ. ಎಲ್ಲವನ್ನೂ ಹೊಡೆದಾದ ಮೇಲೆ ಕೀಳಲು ಹೊರಟರೆ ಮೇಷ್ಟ್ರು ತಡೆದರು.

"ಇರ್ಲಿ ಬಿಡಿ ಚಂದ್ರಯ್ಯ. ಶನಿವಾರ ಬೇರೆ ಯಾರಾದ್ರೂ ಬಂದು ಇದೇ ಜಾಗ ಹಿಡಿದ್ರೆ? ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕ್ತೀವಲ, ಹಾಗೆ."

ಒಳ್ಳೆಯ ಮಾತು ಎನಿಸಿತು. ಆಗಲೇ ಎಮ್ಮೆ ಹೊಡೆದುಕೊಂಡು ಒಬ್ಬ ಬಂದ. ಹೆಸರು ಶೇಷಪ್ಪ ಎಂದು ಆಮೇಲೆ ತಿಳಿಯಿತು. ಅವನು ಗೂಟಗಳನ್ನು ನೋಡಿದ, ಪಟ್ಟೆ ಕೋಲು ನೋಡಿದ, ನನ್ನ ಕಂಕುಳಲ್ಲಿದ್ದ ಫೈಲು ನೋಡಿದ.

"ಎಂತ ಅಳ್ತೆ ಸ್ವಾಮಿ?"

ಈ ವಯಸ್ಸಿನಲ್ಲಿ ಟೆಂಟಿನಾಟ ಆಡಲು ಬಂದಿದ್ದೇನೆ ಎಂದು ಹೇಳಲು ನಾಚಿಕೆಯಾಯಿತು. "ಹೀಗೇ ಸ್ವಲ್ಪ ನೋಡ್ಕೊಂಡು ಹೋಗೋಣ ಅಂತ. ಮುಂದಿನ ಶನಿವಾರ ನಾಲ್ಕು ಜನ ಬರ್ತೀವಿ. ಎರಡು ದಿನ ಇಲ್ಲೇ ಟೆಂಟ್ ಹಾಕ್ಕೊಂಡು ಇರ್ತೀವಿ."

"ಯಾರನ್ನ ಕೇಳಿ?"

ಇಲ್ಲಿ ನನಗೆ ಉತ್ಸಾಹ ಬಂತು. ನನ್ನ ಜೀವಮಾನದಲ್ಲಿ ಇಷ್ಟು ಸಿದ್ಧನಾಗಿ ಯಾವ ಪ್ರಶ್ನೆಯನ್ನೂ ಎದುರಿಸಿರಲಿಲ್ಲ. ಫೈಲು ಬಿಚ್ಚಿ ಒಂದೊಂದೇ ಸೀಲು ತೋರಿಸಿದೆ. "ನೋಡಿ, ಪಂಚಾಯಿತಿ. ನೋಡಿ, ಅರಣ್ಯ. ಇದು ಡ್ಯಾಮಿನವರದು. ಪೊಲೀಸರಿಗೂ ತಿಳಿಸಿದ್ದೇನೆ. ನೀವೇನೂ ಯೋಚನೆ ಮಾಡ್ಬೇಡಿ."

ಶೇಷಪ್ಪ ಎಮ್ಮೆ ತಿರುಗಿಸಿಕೊಂಡು ಹೋದ. ದಿಬ್ಬದ ಮೇಲೆ ನಿಂತು ಮೊಬೈಲು ಎತ್ತಿ ಹಿಡಿದ. ಸಿಗ್ನಲ್ ಹುಡುಕುತ್ತಿದ್ದಾನೆ, ಪಾಪ, ಎಂದರು ಮೇಷ್ಟ್ರು.

ಮಂಗಳವಾರ ನಮ್ಮ ಬೀದಿಯ ವಾಟ್ಸಪ್ ಗುಂಪಿಗೆ ಒಂದು ಫೋಟೋ ಬಂತು. ದೂರದಿಂದ ತೆಗೆದದ್ದು, ಮಸುಕು. ನೀರಿನ ಹತ್ತಿರ ಬೆನ್ನು ತೋರಿಸಿ ನಿಂತ ಇಬ್ಬರು, ಒಂದು ಕೋಲು. ಕೆಳಗೆ: "ಹಿನ್ನೀರಿನಲ್ಲಿ ರಹಸ್ಯ ಸರ್ವೆ! ನಲವತ್ತು ಗೂಟ! ಶನಿವಾರ ದೊಡ್ಡ ತಂಡ ಬರಲಿದೆ! ಮತ್ತೆ ಒಕ್ಕಲೆಬ್ಬಿಸುವ ಹುನ್ನಾರ!"

ಶನಿವಾರವೇ! ಅದೇ ಹಿನ್ನೀರು! ನಾನು ಹೊಡೆದದ್ದು ಹನ್ನೆರಡು, ಇವರು ಹೊಡೆದದ್ದು ನಲವತ್ತು. ಅಂದರೆ ನಾನು ವಾಪಸ್ ಬಂದ ಮೇಲೆ ಅಲ್ಲಿಗೆ ಬೇರೆ ಯಾರೋ ಬಂದಿದ್ದಾರೆ. ಲೆಕ್ಕದಲ್ಲಿ ತಪ್ಪಿರಲಿಲ್ಲ.

ಫೋಟೋವನ್ನು ಮೇಷ್ಟ್ರಿಗೆ ತೋರಿಸಿದೆ. ಕನ್ನಡಕ ಹಾಕಿ ನೋಡಿದರು. "ಈ ಟೊಪ್ಪಿಯವ ದೊಡ್ಡ ಇಂಜಿನಿಯರೇ. ನಿಂತ ಠೀವಿ ನೋಡಿ."

"ದರ್ಪ ಅನ್ನಿ ಸಾರ್. ಬೆನ್ನಲ್ಲೇ ದರ್ಪ ಕಾಣ್ತದೆ. ಬಡವರ ಭೂಮಿ ಅಂದ್ರೆ ಇವರಿಗೆ ಸಸಾರ."

"ಪಕ್ಕದಲ್ಲಿ ಕೊಡೆ ಹಿಡ್ಕೊಂಡ ಮುದುಕ ದಲ್ಲಾಳಿ ಇರಬೇಕು. ಈ ವಯಸ್ಸಿಗೆ ಇವಂಗೆ ಇದೆಲ್ಲ ಬೇಕಿತ್ತಾ?"

ನಾವಿಬ್ಬರೂ ಸ್ವಲ್ಪ ಹೊತ್ತು ದೇಶದ ಸ್ಥಿತಿಯ ಬಗ್ಗೆ ದುಃಖಪಟ್ಟೆವು.

ಗುರುವಾರ ಸಂಜೆ ಗುಬ್ಬಿಗದ್ದೆಯ ಹರಿಪ್ರಸಾದ್ ಎಂಬ ಮುಖಂಡರು ಸಹಿ ಸಂಗ್ರಹಿಸುತ್ತ ನಮ್ಮ ಬೀದಿಗೆ ಬಂದರು. ಖಾದಿ ಅಂಗಿ, ಒಡೆದ ದನಿ. ಊರವರ ಕಥೆ ಹೇಳಿದರು. ಅಣೆಕಟ್ಟು ಕಟ್ಟಿದಾಗ ಹಿರಿಯರ ಮನೆ, ಗದ್ದೆ ಎಲ್ಲ ಮುಳುಗಿತು. ದಿಬ್ಬ ಹತ್ತಿ ಕೂತರು. ಇವತ್ತಿಗೂ ಅನೇಕರಿಗೆ ಹಕ್ಕುಪತ್ರ ಇಲ್ಲ. "ನಮ್ಮೂರಲ್ಲಿ ಮಕ್ಕಳು ಗುಮ್ಮ ಅಂದ್ರೆ ಹೆದರಲ್ಲ ಸಾರ್, ಗೂಟ ಅಂದ್ರೆ ಹೆದರ್ತಾರೆ" ಎಂದರು. "ನೀವೇನಾದ್ರೂ ಆ ಕಡೆ ಹೋಗಿದ್ರಾ?"

"ಹೋದ ಭಾನುವಾರ ಹೋಗಿದ್ದೆ. ನಾನು ಇದ್ದಷ್ಟು ಹೊತ್ತು ಅಂಥವರು ಯಾರೂ ಕಾಣಲಿಲ್ಲ" ಎಂದೆ ಪ್ರಾಮಾಣಿಕವಾಗಿ.

ಸಹಿ ಹಾಕಲು ಹೋದವನು ಮನವಿಯ ಭಾಷೆ ನೋಡಿದೆ. ಕೈ ಸುಮ್ಮನಿರಲಿಲ್ಲ. ಅವರನ್ನು ಕೂರಿಸಿ, ಸರೋಜಳಿಂದ ಕಾಫಿ ಮಾಡಿಸಿ, ಇಡೀ ಮನವಿಯನ್ನು ಹೊಸದಾಗಿ ಬರೆದುಕೊಟ್ಟೆ. "ಸದರಿ ಸ್ಥಳದಲ್ಲಿ ಅನಾಮಧೇಯ ಅಧಿಕಾರಿಯೊಬ್ಬರು ಅನುಮಾನಾಸ್ಪದವಾಗಿ ಅಳತೆ ಕಾರ್ಯ ಕೈಗೊಂಡಿರುತ್ತಾರೆ. ಅವರನ್ನು ಪತ್ತೆಹಚ್ಚಿ ಕಠಿಣ ಕ್ರಮ ಜರುಗಿಸಬೇಕಾಗಿ ವಿನಂತಿ." ಹರಿಪ್ರಸಾದರ ಕಣ್ಣು ತುಂಬಿತು. ಹಳೆಯ ಸಹಿಗಳನ್ನೆಲ್ಲ ಅದಕ್ಕೇ ಸೇರಿಸಿದರು. ನನ್ನದು ನಲವತ್ತಮೂರನೆಯದು, ಪೂರ್ಣ ವಿಳಾಸದೊಂದಿಗೆ. ನಾಳೆಯೇ ಪಂಚಾಯಿತಿಗೆ ಕೊಡ್ತೇವೆ ಎಂದರು.

ಅವರು ಹೋದ ಮೇಲೆ ಧನ್ಯಶ್ರೀ ಬಾಗಿಲ ಬಳಿ ನಿಂತಿದ್ದಳು. "ಹಾಗಾದ್ರೆ ಶನಿವಾರ ಇಲ್ವಾ ಅಪ್ಪ?"

ನನಗೆ ನಿಜವಾಗಿಯೂ ಹೋಗುವ ಮನಸ್ಸಿರಲಿಲ್ಲ. ಒಂದು ಕಡೆ ಸರ್ವೆ ತಂಡ, ಇನ್ನೊಂದು ಕಡೆ ಪ್ರತಿಭಟನೆ, ನಡುವೆ ನಮ್ಮ ಟೆಂಟು. ಬಾಯಿ ತೆರೆದೆ. ಅವಳು ಪೆನ್ಸಿಲ್ ಡಬ್ಬಿಯ ಮುಚ್ಚಳ ತೆರೆದಳು. ನಾನು ಬಾಯಿ ಮುಚ್ಚಿದೆ.

"ಇದೆ" ಎಂದೆ.

ಶನಿವಾರ ಬೆಳಗ್ಗೆ ರವೀಂದ್ರ ತೀರ್ಥಹಳ್ಳಿಯಿಂದ ಕಾರು ತಂದ. ನನಗೆ ಸಹಾಯ ಮಾಡಲು ಎಂದ; ನೋಡಿ ನಗಲು ಎಂದು ಅವನ ಮುಖ ಹೇಳುತ್ತಿತ್ತು. ಮೇಷ್ಟ್ರಿಗೆ ಮೊಣಕಾಲು ನೋವು, ಬರಲಿಲ್ಲ. ಪಟ್ಟೆ ಕೋಲು, ಕ್ಯಾನ್ವಾಸು, ಕಷಾಯದ ಪುಡಿ ಎಲ್ಲ ಡಿಕ್ಕಿಗೆ ಹೋದವು. ಸರೋಜ ಒಂದು ಹಳೆಯ ಬಿದಿರು ಗಳ ತಂದು ಕಾರಿನ ಮೇಲೆ ಕಟ್ಟಿದಳು. ಬಟ್ಟೆ ಒಣಗಿಸಲು ಇರಬೇಕು ಎಂದುಕೊಂಡೆ.

ಗುಬ್ಬಿಗದ್ದೆಯ ಬಯಲಿಗೆ ಇಳಿದರೆ ಶಾಮಿಯಾನ. ಐವತ್ತು ಅರವತ್ತು ಜನ. ಮೈಕು. "ಸರ್ವೆ ತಂಡಕ್ಕೆ ಧಿಕ್ಕಾರ" ಎಂಬ ಬ್ಯಾನರು.

"ಭಾವ, ತಿರುಗಿಸ್ಲಾ?" ಎಂದ ರವೀಂದ್ರ, ಗೇರಿನ ಮೇಲೆ ಕೈಯಿಟ್ಟು.

ಅಷ್ಟರಲ್ಲಿ ಹರಿಪ್ರಸಾದ್ ಓಡಿ ಬಂದು ಬಾಗಿಲು ತೆಗೆದರು. "ಬಂದ್ರಾ! ಕುಟುಂಬ ಸಮೇತ ಬಂದ್ರಾ! ಇದಪ್ಪ ಕಾಳಜಿ ಅಂದ್ರೆ!" ನನ್ನ ಕೈ ಹಿಡಿದು ಎಳೆದುಕೊಂಡೇ ಹೋಗಿ ಮೈಕಿನಲ್ಲಿ ಘೋಷಿಸಿದರು: "ನಮ್ಮ ಮನವಿ ಬರೆದುಕೊಟ್ಟ ಮಹನೀಯರು, ಸಾಗರದ ಚಂದ್ರಯ್ಯನವರು, ಈಗ ಎರಡು ಮಾತು ಆಡ್ತಾರೆ." ಚಪ್ಪಾಳೆ. ಮಗಳು ನನ್ನ ಅಂಗಿಯ ತುದಿ ಹಿಡಿದು ಹಿಂದೆಯೇ ಬಂದಿದ್ದಳು. ನನಗಾಗಿ ಯಾರಾದರೂ ಚಪ್ಪಾಳೆ ತಟ್ಟಿದ್ದನ್ನು ಅವಳು ಅದಕ್ಕೆ ಮುಂಚೆ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ.

"ಇಲ್ಲಿ ನೋಡಿ ಸಾರ್, ಸಾಕ್ಷಿ" ಎಂದರು ಹರಿಪ್ರಸಾದ್. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಗೂಟಗಳನ್ನು ಸಾಲಾಗಿ ಜೋಡಿಸಿದ್ದರು. ಬಿಳಿ ಬಣ್ಣ. ಕೆಂಪು ಚಿಂದಿ. ಕನ್ನಡ ಅಂಕಿ. ಏಳನ್ನು ಬರೆಯುವಾಗ ಬಾಲ ಸ್ವಲ್ಪ ಜಾಸ್ತಿ ಎಳೆಯುವುದು ನನ್ನ ಅಭ್ಯಾಸ. ಮೇಜಿನ ಮೇಲಿನ ಏಳಕ್ಕೂ ಬಾಲ ಜಾಸ್ತಿ ಇತ್ತು.

"ನಲವತ್ತು ಅಂದಿದ್ರಲ್ಲ?" ಎಂದೆ.

"ಸಿಕ್ಕಿದ್ದು ಹನ್ನೆರಡು. ಮೆಸೇಜಲ್ಲಿ ಸ್ವಲ್ಪ ಹೆಚ್ಚು ಹಾಕಿದ್ವಿ, ಜನ ಸೇರ್ಲಿ ಅಂತ."

ಮಗಳು ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು: "ಅಪ್ಪ, ಇದು ಅಮ್ಮನ ಲಂಗ."

ಕೈಯಲ್ಲಿ ಮೈಕಿತ್ತು. ಎದುರಿಗೆ ಅರವತ್ತು ಮುಖ. ಆಚೆ ಕಾರಿನ ಪಕ್ಕದಲ್ಲಿ ರವೀಂದ್ರ ಎರಡೂ ಕೈ ಬೀಸಿ ಬನ್ನಿ ಬನ್ನಿ ಎಂದು ಕರೆಯುತ್ತಿದ್ದ. ನಾನು ಮಾಡಬೇಕಾದದ್ದು ತೀರಾ ಸುಲಭವಾಗಿತ್ತು. ಆ ಅನಾಮಧೇಯ ಅಧಿಕಾರಿಯನ್ನು ನಾಲ್ಕು ಮಾತು ಬೈದು, ಚಪ್ಪಾಳೆ ತೆಗೆದುಕೊಂಡು, ಕಾರು ಹತ್ತಿ ಮನೆಗೆ ಹೋಗುವುದು. ಡಿಕ್ಕಿಯಲ್ಲಿದ್ದ ಪಟ್ಟೆ ಕೋಲುಗಳನ್ನು ಯಾರೂ ನೋಡುತ್ತಿರಲಿಲ್ಲ. ಜೋಗ, ಮುರುಡೇಶ್ವರ, ಕೊಡಚಾದ್ರಿ, ಗುಬ್ಬಿಗದ್ದೆ. ಮಗಳು ಅಂಗಿಯ ತುದಿ ಬಿಟ್ಟಿರಲಿಲ್ಲ.

"ಆ ಅಧಿಕಾರಿ" ಎಂದೆ ಮೈಕಿನಲ್ಲಿ. "ಆ ಅಧಿಕಾರಿ ನಾನೇ."

ಶಾಮಿಯಾನ ಗಾಳಿಗೆ ಒಮ್ಮೆ ಪಟಪಟ ಎಂದಿತು. ಮುಂದಿನ ಸಾಲಿನಲ್ಲಿದ್ದ ಶೇಷಪ್ಪ ಎದ್ದು ಹತ್ತಿರ ಬಂದು, ನನ್ನ ಮುಖ ನೋಡಿ, ಸುತ್ತು ಬಂದು ಬೆನ್ನು ನೋಡಿದ. "ಹೌದ್ರೋ! ಟೊಪ್ಪಿ ಒಂದಿಲ್ಲ, ಅವ್ನೇ!"

ಜನ ಎದ್ದರು. ಹರಿಪ್ರಸಾದರ ಮುಖ ನೋಡುವ ಹಾಗಿರಲಿಲ್ಲ. "ಹಾಗಾದ್ರೆ ಮನವಿ ಬರೆದುಕೊಟ್ಟಿದ್ದು ಯಾರು ಸ್ವಾಮಿ?"

"ಅದೂ ನಾನೇ."

"ನಿಮ್ಮ ಮೇಲೆ ನೀವೇನಾ? ಕಠಿಣ ಕ್ರಮಾನಾ?"

"ಆಗ ನನಗೆ ಗೊತ್ತಿರಲಿಲ್ಲ."

ಶೇಷಪ್ಪ ಮೇಜಿನಿಂದ ಗೂಟ ಎತ್ತಿ ಹಿಡಿದ. "ಮಾತು ಬ್ಯಾಡ. ಒಂದೊಂದೇ ಹೇಳಿ. ಈ ಒಂದನೇ ನಂಬ್ರ ಎಂತಕ್ಕೆ?"

"ಟೆಂಟಿನ ಹಗ್ಗಕ್ಕೆ. ಒಂದರಿಂದ ಎಂಟು, ಎಲ್ಲ ಹಗ್ಗಕ್ಕೆ."

"ಒಂಬತ್ತು?"

"ಒಲೆ ಹೂಡೋಕೆ. ಗಾಳಿಗೆ ಕಿಡಿ ಟೆಂಟಿನ ಕಡೆ ಹಾರಬಾರದಲ್ಲ."

"ಹತ್ತು?"

"ಮಗಳು ಅದನ್ನ ದಾಟಿ ನೀರಿನ ಕಡೆ ಹೋಗಬಾರದು ಅಂತ."

ಜನರ ಕಣ್ಣು ಮಗಳ ಕಡೆ ಹೋಯಿತು. ಶೇಷಪ್ಪನ ದನಿ ಸ್ವಲ್ಪ ಇಳಿಯಿತು. "ಹನ್ನೊಂದು?"

"ಗಾಳ ಹಾಕಿ ಕೂರೋ ಜಾಗ."

ಈಗ ಹರಿಪ್ರಸಾದ್ ಮುಂದೆ ಬಂದರು. ಹನ್ನೆರಡನೇ ಗೂಟ ಉಳಿದವುಗಳಿಂದ ಬಹಳ ದೂರ, ಬಂಡೆಯ ಹಿಂದೆ ಒಂಟಿಯಾಗಿ ಸಿಕ್ಕಿತ್ತಂತೆ. ಅದರ ಬಗ್ಗೆಯೇ ಅವರು ಆ ವಾರ ಮೂರು ಭಾಷಣ ಮಾಡಿದ್ದರಂತೆ. ವಿದ್ಯುತ್ ಸ್ಥಾವರ ಬರುವುದು ಅಲ್ಲೇ ಎಂದು ನಕ್ಷೆ ಕೂಡ ಬರೆದು ಹಂಚಿದ್ದರು. ಅದನ್ನು ತಾವೇ ಎರಡೂ ಕೈಯಲ್ಲಿ ಎತ್ತಿ ಹಿಡಿದು, "ಇದು? ಇಷ್ಟು ದೂರ, ಬಂಡೆ ಮರೆಗೆ, ಇದು ಯಾತಕ್ಕೆ?" ಎಂದು ಗುಡುಗಿದರು.

ನಾನು ಸರೋಜಳ ಮುಖ ನೋಡಿದೆ. ಅವಳು ಬೇರೆ ಕಡೆ ನೋಡಿದಳು.

"ಅದು... ಸಂಡಾಸಿಗೆ."

ಮೈಕು ಚಾಲೂ ಇತ್ತು. ಆ ಪದ ಹಿನ್ನೀರಿನ ಆಚೆ ದಡದವರೆಗೆ ಹೋಗಿ ವಾಪಸ್ ಬಂತು.

ಮೊದಲು ನಕ್ಕದ್ದು ಕುರ್ಚಿಯಲ್ಲಿ ಕೂತಿದ್ದ ಒಬ್ಬ ಅಜ್ಜಿ. ಶೇಷಪ್ಪನ ತಾಯಿ. ಹಲ್ಲಿಲ್ಲದ ಬಾಯಿಗೆ ಸೆರಗು ಒತ್ತಿ ಹಿಡಿದರೂ ನಗು ಹೊರಗೆ ಬರುತ್ತಿತ್ತು. ಆಮೇಲೆ ಒಬ್ಬೊಬ್ಬರೇ. ಕೊನೆಗೆ ಹರಿಪ್ರಸಾದ್ ಎರಡೂ ಕೈಯಲ್ಲಿದ್ದ ಗೂಟವನ್ನು ಒಮ್ಮೆ ನೋಡಿ, ಮೆಲ್ಲಗೆ ಮೇಜಿನ ಮೇಲಿಟ್ಟು, ಕೈ ಒರೆಸಿಕೊಂಡರು.

"ಇನ್ನೂ ಉಪಯೋಗಿಸಿಲ್ಲ ಸಾರ್" ಎಂದೆ.

ಅಜ್ಜಿ ನನ್ನನ್ನೂ ಮಗಳನ್ನೂ ಹತ್ತಿರ ಕರೆದರು. ಧನ್ಯಶ್ರೀಯ ಗಲ್ಲ ಹಿಡಿದು ಹೇಳಿದರು: "ಮೊದ್ಲ ಗೂಟ ಹೊಡ್ಯಕ್ಕೆ ಬಂದಾಗ ನಾನು ನಿನ್ನಷ್ಟೇ ಇದ್ದೆ ಕಣೇ. ಹಿಂಗೇ ಕೆಂಪು ಬಟ್ಟೆ ಕಟ್ಟಿದ್ರು. ಚಂದ ಕಾಣ್ತದೆ ಅಂತ ನಾವು ಮಕ್ಕಳು ಅದ್ರ ಸುತ್ತ ಆಡಿದ್ವಿ." ಆಮೇಲೆ ನನ್ನ ಕಡೆ ತಿರುಗಿದರು. ಈಗ ನಗು ಇರಲಿಲ್ಲ. "ಗೂಟ ಹೊಡ್ಯಕ್ಕೆ ಮುಂಚೆ ಒಂದು ಮಾತು ಕೇಳ್ಬೋದಿತ್ತು ಮಗ."

"ಐದು ಕಚೇರಿಯಲ್ಲಿ ಕೇಳಿದ್ದೆ ಅಮ್ಮ. ಸೀಲು ಇದೆ."

"ನಮ್ಮನ್ನ ಕೇಳ್ಲಿಲ್ಲ."

ಫೈಲನ್ನು ಮುಚ್ಚಿ ಕಂಕುಳಲ್ಲಿಟ್ಟು, ಕೈ ಜೋಡಿಸಿ, ಬರವಣಿಗೆಯಿಲ್ಲದೆ ನನ್ನ ಜೀವನದ ಮೊದಲ ಅರ್ಜಿ ಸಲ್ಲಿಸಿದೆ: "ಇಲ್ಲಿ ಒಂದು ರಾತ್ರಿ ಟೆಂಟ್ ಹಾಕಬಹುದಾ?"

"ಹಾಕು. ಅದ್ಕೇನಂತೆ" ಎಂದರು ಅಜ್ಜಿ. "ಆದ್ರೆ ಅಲ್ಲಲ್ಲ. ನೀನು ಗೂಟ ಹೊಡೆದಿದ್ದು ಎಮ್ಮೆ ನೀರಿಗಿಳಿಯೋ ದಾರಿ. ಮಲಗಿದ್ರೆ ತುಳ್ಕೊಂಡು ಹೋಗ್ತಿದ್ವು."

ಅಲ್ಲಿಂದ ಮುಂದೆ ನನ್ನ ಕೈಯಲ್ಲಿ ಏನೂ ಉಳಿಯಲಿಲ್ಲ. ಗುಬ್ಬಿಗದ್ದೆಯವರಿಗೆ ಇಡೀ ದಿನ ಪ್ರತಿಭಟನೆಗೆಂದು ಬಿಡುವಿತ್ತು. ಸೇರಿದ ಜನ, ಮಾಡಿದ ಚಿತ್ರಾನ್ನ, ತಂದ ಮೈಕು ವ್ಯರ್ಥವಾಗಬಾರದಲ್ಲ. ಹತ್ತು ಜನ ಸೇರಿ ಟೆಂಟು ಎತ್ತಿದರು. ಕೆಂಪು ಬಿಳಿ ಕೋಲು ಹೊರತೆಗೆದಾಗ ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಶೇಷಪ್ಪ ಅದರ ತುದಿಗೆ ತನ್ನ ಟವೆಲು ಕಟ್ಟಿದ ಮೇಲೆ ಸರಿಹೋಯಿತು. ಗೂಟಗಳನ್ನು ಅವನೇ ಹೊಡೆದ, ನಂಬರಿನ ಕ್ರಮ ತಪ್ಪಿಸಿ. ನನಗೆ ಸಂಕಟವಾಯಿತು, ಆದರೂ ಒಂದೊಂದೇ ಎತ್ತಿ ಕೊಟ್ಟೆ. ಹನ್ನೆರಡನೆಯದನ್ನು ಹರಿಪ್ರಸಾದ್ ಮುಟ್ಟಲಿಲ್ಲ.

ಸಂಜೆ ಗಾಳ ಹಾಕಿದೆ. ರವೀಂದ್ರ ಕೊಂಡು ತಂದ ಹೊಳೆಯುವ ಗಾಳ, ಮೂವತ್ತು ವೀಡಿಯೋಗಳ ಜ್ಞಾನ. ಮೊದಲ ಎಸೆತಕ್ಕೆ ಸಿಕ್ಕಿದ್ದು ರವೀಂದ್ರನ ಅಂಗಿಯ ಕಾಲರು. ಎರಡನೆಯದಕ್ಕೆ ಶಾಮಿಯಾನದ ಹಗ್ಗ. ದಡದಲ್ಲಿ ಕೂತ ಅರವತ್ತು ಜನರೂ ಏಕಕಾಲಕ್ಕೆ ಸಲಹೆ ಕೊಡುತ್ತಿದ್ದರು.

"ಹಂಗಲ್ಲ ಸಾರ್, ಹಿಂಗೆ!"

"ಮೀನಿಗೆ ಹೆದರ್ಬ್ಯಾಡಿ ಸಾರ್, ಅದು ಸರ್ವೆಯವ್ರಿಗೆ ಕಚ್ಚಲ್ಲ!"

"ಮೊದ್ಲು ಟೇಪ್ ಹಿಡ್ದು ಅಳೀರಿ ಸಾರ್!"

ಮೈಕಿನಲ್ಲಿ ಯಾರೋ ವೀಕ್ಷಕ ವಿವರಣೆ ಶುರುಮಾಡಿದರು. ಧನ್ಯಶ್ರೀ ಬಂಡೆಯ ಮೇಲೆ ಕೂತು ನೀರನ್ನೇ ನೋಡುತ್ತಿದ್ದಳು. ಟೆಂಟು ಆಗಿತ್ತು. ಮೀನು ಆಗಿರಲಿಲ್ಲ. ಹಾಳೆಯಲ್ಲಿ ಎರಡೂ ಬರೆದಿತ್ತು. ಸೂರ್ಯ ಇಳಿಯುತ್ತ ಬಂದ.

ಆಗ ಸರೋಜ ಎದ್ದಳು. ಕಾರಿನ ಮೇಲಿಂದ ಬಿದಿರು ಗಳ ಬಿಚ್ಚಿದಳು. ತೆಂಗಿನ ಚಿಪ್ಪಿನಲ್ಲಿ ತಂದಿಟ್ಟುಕೊಂಡಿದ್ದ ಎರೆಹುಳು ತೆಗೆದು, ದಾರದ ತುದಿಯ ಕೊಕ್ಕೆಗೆ ಸಿಕ್ಕಿಸಿ, ಸೆರಗು ಸೊಂಟಕ್ಕೆ ಕಟ್ಟಿ, ನನ್ನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿದಳು. ದಾರ ನೀರಿಗೆ ಬಿದ್ದದ್ದು ಸದ್ದೇ ಆಗಲಿಲ್ಲ. ಇವಳು ಬಲ್ಲವಳೆಂದು ಜನರಿಗೆ ಕೂಡಲೇ ಗೊತ್ತಾಯಿತು. ಸಲಹೆ ನಿಂತಿತು. ಮೈಕು ನಿಂತಿತು.

ದಾರಕ್ಕೆ ಕಟ್ಟಿದ್ದ ತೇಲುವ ಬೆಂಡು ಒಮ್ಮೆ ಮುಳುಗಿತು. ಅವಳು ಅಲುಗಲಿಲ್ಲ. ಎರಡನೇ ಸಲ ಮುಳುಗಿದಾಗ ಗಳವನ್ನು ಮಗಳ ಕೈಗೆ ಕೊಟ್ಟಳು. "ಈಗ ಎತ್ತು."

ಅಂಗೈಯಷ್ಟಿದ್ದ ಮೀನು ಗಾಳಿಯಲ್ಲಿ ಹೊಳೆದು ಬಂದು ನನ್ನ ಫೈಲಿನ ಮೇಲೆ ಬಿತ್ತು. ಅರವತ್ತು ಜನರ ಕೂಗಿಗೆ ಎಮ್ಮೆಗಳು ತಲೆ ಎತ್ತಿದವು. ಮಗಳು ಕುಣಿದದ್ದನ್ನು ನಾನು ವರ್ಣಿಸಲಾರೆ.

"ನಿನಗೆ ಮೀನು ಹಿಡಿಯೋಕೆ ಬರ್ತದಾ?" ಎಂದು ಕೇಳಿದೆ.

"ತುಂಗೆ ದಡದಲ್ಲಿ ಹುಟ್ಟಿದವಳು. ಇವನಿಗೆ ನಡೆಯೋಕೆ ಬರೋ ಮುಂಚೆ ನಾನು ಗಾಳ ಹಾಕ್ತಿದ್ದೆ" ಎಂದು ರವೀಂದ್ರನ ಕಡೆ ತೋರಿಸಿದಳು. ರವೀಂದ್ರ ಕಾಲರು ಬಿಡಿಸಿಕೊಳ್ಳುವುದರಲ್ಲಿ ಮಗ್ನನಾಗಿದ್ದ.

"ಮತ್ತೆ ಇಷ್ಟು ದಿನ ಹೇಳಲೇ ಇಲ್ವಲ್ಲೇ?"

"ನೀವು ಮೀನಿನ ಆಫೀಸಿಗೂ ಹೋಗಿ ಕೇಳಿದ್ರಿ. ನನ್ನನ್ನ ಯಾವಾಗ ಕೇಳಿದ್ರಿ?"

ಅಜ್ಜಿ ಕುರ್ಚಿಯಿಂದಲೇ ತಲೆದೂಗಿದರು. ಒಂದೇ ದಿನದಲ್ಲಿ ಅದೇ ಮಾತನ್ನು ಎರಡು ಬಾಯಿಂದ ಕೇಳಿದ ಮೇಲೆ ನಾನು ಒಲೆಗೆ ಕಟ್ಟಿಗೆ ತರಲು ಹೋದೆ.

ಜೂನ್ ಮೊದಲ ವಾರ, ಶಾಲೆ ಶುರುವಾದ ಮೇಲೆ, ಪಂಚಾಯಿತಿಯಿಂದ ರಿಜಿಸ್ಟರ್ಡ್ ಅಂಚೆ ಬಂತು. "ತಮ್ಮ ಅರ್ಜಿಯನ್ನು ಪರಿಶೀಲಿಸಲಾಯಿತು. ಸದರಿ ಸ್ಥಳದಲ್ಲಿ ಅನಾಮಧೇಯ ಅಧಿಕಾರಿಯೊಬ್ಬರು ಅನುಮಾನಾಸ್ಪದವಾಗಿ ಅಳತೆ ಕಾರ್ಯ ಕೈಗೊಂಡಿರುವ ಬಗ್ಗೆ ಸಾರ್ವಜನಿಕರಿಂದ ಮನವಿ ಬಂದಿರುವುದರಿಂದ, ತಮ್ಮ ಕುಟುಂಬದ ಸುರಕ್ಷತೆಯ ದೃಷ್ಟಿಯಿಂದ ಟೆಂಟ್ ಹಾಕಲು ಅನುಮತಿ ನಿರಾಕರಿಸಲಾಗಿದೆ. ಲಗತ್ತು: ಮನವಿಯ ನಕಲು." ನಲವತ್ತಮೂರನೇ ಸಹಿಯ ಕೆಳಗೆ ಯಾರೋ ನೀಲಿ ಪೆನ್ಸಿಲಿನಿಂದ ಗೆರೆ ಎಳೆದಿದ್ದರು.

ಅನುಮತಿಯಿಲ್ಲದೆ ಹೋಗಿ ಬಂದುಬಿಟ್ಟಿದ್ದೇವೆ! ಕೂಡಲೇ ಹಾಳೆ ತೆಗೆದು "ಕ್ಷಮಾಪಣೆ ಕೋರಿ" ಎಂದು ವಿಷಯ ಬರೆದೆ.

ಧನ್ಯಶ್ರೀ ಯೂನಿಫಾರ್ಮಿನಲ್ಲೇ ಬಂದು ಕಾಗದವನ್ನು ಓದಿದಳು. ಅದಕ್ಕೆ ತೂತು ಮಾಡಿ ಮೀನಿನ ವಾಸನೆ ಹೋಗದ ಆ ಫೈಲಿಗೆ ಹಾಕಿದಳು. ಪೆನ್ಸಿಲ್ ಡಬ್ಬಿಯಿಂದ ನಾನು ಬರೆದುಕೊಟ್ಟ ಹಾಳೆ ತೆಗೆದು ಅದರ ಮೇಲಿಟ್ಟಳು. ನನ್ನ ಸಹಿಯ ಕೆಳಗೆ ಕೆಂಪು ಶಾಯಿಯಲ್ಲಿ "ಆಯಿತು" ಎಂದು ಬರೆದು ತನ್ನ ಸಹಿ ಹಾಕಿದ್ದಳು. ತಾರೀಖು, ಮೇ ಹತ್ತು.

"ಈಗ ಇನ್ನೊಂದು ಬರೆದುಕೊಡು ಅಪ್ಪ" ಎಂದಳು. "ಕೊಡಚಾದ್ರಿಗೆ."

ನಾನು ಕ್ಷಮಾಪಣೆಯ ಹಾಳೆಯನ್ನು ಮಗುಚಿ ಹಾಕಿ, ಹಿಂಬದಿಯಲ್ಲಿ ಬರೆಯಲು ಶುರುಮಾಡಿದೆ. ಒಂದು ಸಾಲು ಬರೆದವನು ನಿಲ್ಲಿಸಿ, ಅಡುಗೆಮನೆಯ ಕಡೆ ಕೂಗಿದೆ:

"ಸರೋಜಾ, ನಿನಗೆ ಜೀಪು ಓಡಿಸೋಕೆ ಬರ್ತದಾ?"